ಇಬ್ಬರ ಉಸಿರು, ಒಂದು ಲೆಕ್ಕ: ಹುಬ್ಬಳ್ಳಿಯಲ್ಲಿ ಸ್ವತಂತ್ರವಾಗಿ ರ‍್ಯಾಪ್ ಹಾಡಿದ ಅನುಭವ

ಇಬ್ಬರು ಸೇರಿ ರ‍್ಯಾಪ್ ಹಾಡಬೇಕೆಂದರೆ ಮೊದಲು ಉಸಿರು ಹೊಂದಬೇಕು, ಆಮೇಲೆ ಲೆಕ್ಕ ಹೊಂದಬೇಕು. ಉಸಿರಿನ ಬಗ್ಗೆ ನಮ್ಮನ್ನು ಎಲ್ಲರೂ ಕೇಳುತ್ತಾರೆ. ಲೆಕ್ಕದ ಬಗ್ಗೆ ಕೇಳುವವರು ಕಡಿಮೆ. ಹುಬ್ಬಳ್ಳಿಯಲ್ಲಿ ಕುಳಿತು, ಯಾವ ಕಂಪನಿಗೂ ಹಾಡು ಬರೆದುಕೊಡದೆ, ನಾನು ಮತ್ತು ನನ್ನ ಗೆಳೆಯ ಇಷ್ಟು ವರ್ಷ ಒಟ್ಟಿಗೆ ಉಳಿದಿದ್ದೇವೆ ಎಂದರೆ ಅದಕ್ಕೆ ಎರಡೂ ಕಾರಣ. ಗದಗ, ಹಾವೇರಿ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು "ಅಣ್ಣಾ, ನಾವೂ ಹಾಡು ಬಿಡಬೇಕು, ಎಲ್ಲಿಂದ ಶುರು ಮಾಡಬೇಕು" ಎಂದು ಕೇಳುತ್ತಲೇ ಇರುತ್ತಾರೆ. ಫೋನಿನಲ್ಲಿ ಹೇಳಹೋದರೆ ಅರ್ಧ ಉಳಿದುಬಿಡುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮುಂಬೈನ ಡಿವೈನ್ ಮತ್ತು ನೇಝಿ 2015ರಲ್ಲಿ ಜೊತೆಯಾಗಿ ಹಾಡಿದ್ದು ನಮ್ಮ ಕಿವಿಗೆ ಬಿದ್ದಾಗ ನಾವಿನ್ನೂ ಶಾಲೆಯಲ್ಲಿದ್ದೆವು. 2019ರಲ್ಲಿ ಅದೇ ಲೋಕ "ಗಲ್ಲಿ ಬಾಯ್" ಎಂಬ ಹಿಂದಿ ಸಿನಿಮಾ ಆಯಿತು, ಊರೂರಲ್ಲಿ ರ‍್ಯಾಪ್ ಎಂಬ ಪದ ಮನೆಮಾತಾಯಿತು. ಅಷ್ಟರಲ್ಲಿ ಬೆಂಗಳೂರಿನ ಎಂಸಿ ಬಿಜ್ಜು, ರಾಹುಲ್ ಡಿಟ್-ಓ ಮೊದಲಾದವರು ಕನ್ನಡದಲ್ಲಿ ಗಟ್ಟಿಯಾಗಿ ಹಾಡುತ್ತಿದ್ದರು. ಆದರೆ ಇಬ್ಬರು ಹೇಗೆ ಹಾಡಬೇಕು ಎಂಬುದನ್ನು ನಮಗೆ ತೋರಿಸಿಕೊಟ್ಟದ್ದು ದೆಹಲಿಯ ಸೀಧೇ ಮೌತ್ ಜೋಡಿ. ಕಾಮ್ ಮತ್ತು ಎನ್‌ಕೋರ್ ಎಬಿಜೆ ಎಂಬ ಆ ಇಬ್ಬರು 2018ರಲ್ಲಿ ಸಂಗೀತ ನಿರ್ಮಾಪಕ ಸೆಜ್ ಆನ್ ದಿ ಬೀಟ್ ಜೊತೆ ಮಾಡಿದ ಆಲ್ಬಮ್ಮನ್ನು ನಾವು ಪಠ್ಯಪುಸ್ತಕ ಓದಿದ ಹಾಗೆ ಕೇಳಿದ್ದೇವೆ. ಒಬ್ಬ ಹಾಡಿ ಮುಗಿಸುವವರೆಗೆ ಇನ್ನೊಬ್ಬ ಕೈಕಟ್ಟಿ ನಿಲ್ಲುವುದಿಲ್ಲ. ಸಾಲಿನ ನಡುವೆಯೇ ಮಾತು ಕೈ ಬದಲಾಗುತ್ತದೆ.

ಅದನ್ನು ಕನ್ನಡಕ್ಕೆ ತರಲು ಹೊರಟಾಗ ಮೊದಲು ಎದುರಾದದ್ದು ಪ್ರಾಸ. ನಮ್ಮ ವಾಕ್ಯದ ಕೊನೆಗೆ ಕ್ರಿಯಾಪದ ಬರುತ್ತದೆ. ಎಲ್ಲ ಸಾಲನ್ನೂ "ತ್ತೇನೆ" ಎಂದೋ "ತ್ತಾನೆ" ಎಂದೋ ಮುಗಿಸಿದರೆ ಪ್ರಾಸ ತಾನಾಗಿ ಬಂದಂತೆ ಕಾಣುತ್ತದೆ, ಆದರೆ ಕೇಳುವವರಿಗೆ ಅದರಲ್ಲಿ ಏನೂ ಸಿಗುವುದಿಲ್ಲ. ಪಿಯುಸಿಯಲ್ಲಿ ಛಂದಸ್ಸು ಕಲಿಸಿದ ಮೇಷ್ಟ್ರನ್ನು ನಾವು ಹುಡುಕಿಕೊಂಡು ಹೋದೆವು. ಅವರು ನಮ್ಮ ಬೀಟ್, ಅಂದರೆ ಹಾಡಿನ ಹಿಂದೆ ನುಡಿಯುವ ವಾದ್ಯದ ಭಾಗ, ಕೇಳಿಸಿಕೊಂಡು, ಮೇಜಿನ ಮೇಲೆ ಬೆರಳಿನಿಂದ ತಟ್ಟುತ್ತಾ, "ಇದು ಮಂದಾನಿಲ ರಗಳೆ ಕಣಪ್ಪಾ" ಎಂದರು. ನಾಲ್ಕು ಮಾತ್ರೆಯ ನಾಲ್ಕು ಗಣ, ಸಾಲಿಗೆ ಹದಿನಾರು ಮಾತ್ರೆ. ರ‍್ಯಾಪ್‌ನ ಒಂದು ಬಾರ್‌ನಲ್ಲಿಯೂ ನಾಲ್ಕು ಬಡಿತ, ಬಡಿತಕ್ಕೆ ನಾಲ್ಕು ಪಾಲು, ಒಟ್ಟು ಹದಿನಾರು. ಲಘುವಿಗೆ ಒಂದು ಪಾಲು, ಗುರುವಿಗೆ ಎರಡು. ಹರಿಹರ ಕವಿ ಎಂಟು ಶತಮಾನಗಳ ಹಿಂದೆ ದುಡಿಸಿಕೊಂಡ ಅಳತೆ ನಿಮಿಷಕ್ಕೆ 90 ಬಡಿತದ ಡ್ರಮ್ಮಿನ ಮೇಲೆ ಒಂದಿಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂರುತ್ತದೆ. ಅಂದು ಅವರ ಮನೆಯಿಂದ ಹೊರಟಾಗ ನಮಗೆ ಆದ ಸಂತೋಷ ಇಂದಿಗೂ ಇಳಿದಿಲ್ಲ.

ನಾವು ಆಗ ಬರೆದ ಎರಡು ಸಾಲು ಇವು:

ಗಿರಣಿಯ ಗೇಟಿಗೆ ತುಕ್ಕಿನ ಬೀಗವು
ಮರೆಯದ ಭೋಂಗದ ಮುಗಿಯದ ರಾಗವು

ನನ್ನ ಅಜ್ಜ ಬಟ್ಟೆ ಗಿರಣಿಯಲ್ಲಿ ದುಡಿದವರು. ಗಿರಣಿಯ ಸೈರನ್ ಆದ ಭೋಂಗಾ ಊರಿಗೆ ಗಡಿಯಾರವೇ ಆಗಿತ್ತು ಎಂದು ಅವ್ವ ಹೇಳುತ್ತಿದ್ದಳು. ಸಾಲಿನ ಕೊನೆಯ ಪ್ರಾಸದ ಜೊತೆಗೆ ಎರಡನೆಯ ಅಕ್ಷರದಲ್ಲಿರುವ "ರ" ಗಮನಿಸಿ. ಆದಿಪ್ರಾಸ ಇರುವುದರಿಂದ ಕೇಳುಗನ ಕಿವಿ ಸಾಲಿನ ಬಾಗಿಲಲ್ಲೇ ಎಚ್ಚರಗೊಳ್ಳುತ್ತದೆ, ಕೊನೆಯವರೆಗೆ ಕಾಯಬೇಕಿಲ್ಲ. ಇಂಗ್ಲಿಷ್ ರ‍್ಯಾಪ್ ಅನುಕರಿಸುವ ಭರದಲ್ಲಿ ಇದನ್ನು ಬಿಟ್ಟುಬಿಡುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ನನ್ನ ಗೆಳೆಯನಿಗೆ ಮಾತ್ರ ಭಾಮಿನಿ ಷಟ್ಪದಿಯ ನಡೆ ಇಷ್ಟ. ಮೂರು ನಾಲ್ಕು, ಮೂರು ನಾಲ್ಕು: ಹದಿನಾಲ್ಕು ಮಾತ್ರೆ. ಬಾರ್‌ನಲ್ಲಿ ಎರಡು ಮಾತ್ರೆ ಖಾಲಿ ಉಳಿಯುತ್ತವೆ. ಅವನು ಅಲ್ಲಿ ಉಸಿರೆಳೆದುಕೊಳ್ಳುತ್ತಾನೆ. ಆ ಎರಡು ಮಾತ್ರೆಯೊಳಗೆ ನಾನು ಅವನ ಕೊನೆಯ ಪದವನ್ನು ಹಿಡಿದು ಮೇಲೆತ್ತುತ್ತೇನೆ. ಕೇಳುವವರಿಗೆ ಎಲ್ಲಿಯೂ ಬಿರುಕು ಕಾಣುವುದಿಲ್ಲ. ಇದನ್ನು ನಾವು ಕಂಡುಹಿಡಿದೆವೆಂದು ಬೀಗುತ್ತಿದ್ದಾಗ ನವಲಗುಂದದ ಕಡೆಯ ಒಬ್ಬ ಹಿರಿಯ ಗೀಗೀ ಗಾಯಕರು ಕೇಳಿ ನಕ್ಕರು. ಗೀಗೀ ಮೇಳದಲ್ಲಿ ದಪ್ಪು ಹಿಡಿದ ಮುಖ್ಯ ಹಾಡುಗಾರ ಸಾಲು ಮುಗಿಸುತ್ತಿದ್ದಂತೆ ತುಂತುಣಿ, ತಾಳ ಹಿಡಿದವರು "ಗೀಯ ಗಾ ಗೀಯ ಗಾ" ಎಂದು ಎತ್ತಿಕೊಳ್ಳುವುದು ಏತಕ್ಕೆ? ಅವನು ಉಸಿರಾಡಲೆಂದು. ಹರದೇಶಿ, ನಾಗೇಶಿ ಎಂದು ಎರಡು ಪಂಗಡವಾಗಿ ನಿಂತು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ರಾತ್ರಿಯಿಡೀ ಸವಾಲು ಜವಾಬು ನಡೆಸುವ ಈ ಹಾಡಿಕೆಯ ಮುಂದೆ ಇಂದಿನ ರ‍್ಯಾಪ್ ಬ್ಯಾಟಲ್‌ಗಳು ಮೊಮ್ಮಕ್ಕಳು. ಆ ಗಾಯಕ ಅಜ್ಜನವರ ಬಳಿ ನಾವು ಈಗಲೂ ಹೋಗುತ್ತೇವೆ. "ತಮ್ಮಾ, ಪದ ನುಂಗಬೇಡ, ಉಗುಳಬೇಡ, ಇಟ್ಟುಬಿಡು" ಎನ್ನುತ್ತಾರೆ. ಇದಕ್ಕಿಂತ ಒಳ್ಳೆಯ ಪಾಠ ನನಗೆ ಯಾವ ವೀಡಿಯೊದಲ್ಲಿಯೂ ಸಿಕ್ಕಿಲ್ಲ.

ಧ್ವನಿಮುದ್ರಣ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ. ಗೋಡೆಯಿಂದ ದನಿ ಮರಳಿ ಬರದಂತೆ ಅವ್ವ ಹೊಲಿದ ಕೌದಿಗಳನ್ನು ಮೂರು ಕಡೆ ತೂಗುಹಾಕಿದ್ದೇವೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಕೌದಿಯಷ್ಟು ಚೆನ್ನಾಗಿ ದನಿ ಹೀರುವ ವಸ್ತು ನಾವು ಕೊಳ್ಳಬಹುದಾದ ಬೆಲೆಯಲ್ಲಿ ಇರಲಿಲ್ಲ. ಒಂದು ಕಂಡೆನ್ಸರ್ ಮೈಕ್, ಮೈಕ್‌ನ ದನಿಯನ್ನು ಲ್ಯಾಪ್‌ಟಾಪ್‌ಗೆ ಸೇರಿಸುವ ಎರಡು ಇನ್‌ಪುಟ್ಟಿನ ಆಡಿಯೊ ಇಂಟರ್‌ಫೇಸ್, ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ಫ್ಯಾನ್ ಹಾಕುವಂತಿಲ್ಲ, ಏಪ್ರಿಲ್‌ನಲ್ಲಿಯೂ. ರೈಲಿನ ಹಾರ್ನ್ ಬಿದ್ದರೆ ಮತ್ತೆ ಮೊದಲಿನಿಂದ. ಅದರಿಂದ ತಡರಾತ್ರಿಯೇ ನಮಗೆ ಸರಿ. ಮೊದಲು ಇಡೀ ಪದ್ಯವನ್ನು ಒಂದೇ ಓಟದಲ್ಲಿ ಮುದ್ರಿಸುತ್ತೇವೆ. 90 ಬಡಿತದಲ್ಲಿ ಹದಿನಾರು ಬಾರ್ ಎಂದರೆ ಸುಮಾರು 43 ಸೆಕೆಂಡು. ಆಮೇಲೆ ಸಾಲಿನ ಕೊನೆಯ ಪದಗಳನ್ನು ಮಾತ್ರ ಇನ್ನೊಮ್ಮೆ ಹಾಡಿ ಮೇಲೆ ಕೂರಿಸುತ್ತೇವೆ. ಅವನದು ತಗ್ಗಿನ ದನಿ, ನನ್ನದು ತುಸು ಮೇಲಿನದು. ಅವನ ಸಾಲಿಗೆ ನಾನು, ನನ್ನ ಸಾಲಿಗೆ ಅವನು. ಗೆಳೆಯ ಕೆಲಸ ಹಿಡಿದು ಬೆಂಗಳೂರಿಗೆ ಹೋದ ಮೇಲೂ ಈ ಪದ್ಧತಿ ಮುಂದುವರಿದಿದೆ: ತನ್ನ ಬಾಡಿಗೆ ಕೋಣೆಯ ಬಟ್ಟೆಯ ಕಪಾಟು ತೆರೆದು ಅದರೊಳಗೆ ಮುಖವಿಟ್ಟು ಹಾಡಿ, ದನಿಯನ್ನು ಹಿಂಡದೆ ಪೂರ್ತಿ ಉಳಿಸುವ ವೇವ್ ಫೈಲ್ ಕಳಿಸುತ್ತಾನೆ. ಎಂಪಿ3 ಕಳಿಸಬಾರದೆಂಬುದು ಮೊದಲ ನಿಯಮ.

ಬೀಟ್ ವಿಷಯಕ್ಕೆ ಬರುತ್ತೇನೆ, ಇಲ್ಲಿ ತುಸು ನಿಲ್ಲಬೇಕು. ಅಂತರ್ಜಾಲದಲ್ಲಿ ಕಡಿಮೆ ಬೆಲೆಗೆ ಸಿಗುವ ಬೀಟ್‌ಗಳು ಬಹುಪಾಲು ಬಾಡಿಗೆಗೆ. ಅದೇ ಬೀಟನ್ನು ಇನ್ನೂ ನೂರು ಜನ ಬಾಡಿಗೆಗೆ ಪಡೆಯಬಹುದು. ನಮ್ಮ ಮೊದಲ ಹಾಡುಗಳಲ್ಲಿ ಒಂದಕ್ಕೆ ನಾವು ಹಣ ಕೊಟ್ಟು ಪರವಾನಗಿ ಪಡೆದಿದ್ದರೂ, ಅದೇ ಬೀಟ್ ಬಳಸಿದ ಬೇರೊಬ್ಬರು ತಮ್ಮ ಹಾಡನ್ನು, ನಕಲನ್ನು ತಾನಾಗಿ ಗುರುತಿಸುವ ಯೂಟ್ಯೂಬ್‌ನ ಕಂಟೆಂಟ್ ಐಡಿ ವ್ಯವಸ್ಥೆಯಲ್ಲಿ ಸೇರಿಸಿದ್ದರು. ಯಂತ್ರ ಬೀಟನ್ನಷ್ಟೇ ಗುರುತಿಸಿತು. ನಮ್ಮ ಹಾಡು ಅವರದೆಂದು ಹಕ್ಕು ಸಾಧಿಸಿತು. ಆಕ್ಷೇಪ ಸಲ್ಲಿಸಿದರೆ ಉತ್ತರಿಸಲು ಎದುರಿನವರಿಗೆ 30 ದಿನಗಳ ಅವಕಾಶ. ಹಾಡು ಹೊಸದಾಗಿ ಬಂದು ಜನ ಕೇಳುವ ದಿನಗಳೆಲ್ಲ ಆ ಕಾಯುವಿಕೆಯಲ್ಲೇ ಕಳೆದವು. ಪರವಾನಗಿ ಪತ್ರ ಕೈಯಲ್ಲಿದ್ದುದರಿಂದ ಕೊನೆಗೆ ಹಕ್ಕು ನಮಗೇ ಬಂತು. ಅಂದಿನಿಂದ ಬೀಟನ್ನು ನಮ್ಮ ಭಾಗದವರಿಂದಲೇ ಮಾಡಿಸುತ್ತೇವೆ, ನಮಗೆಂದೇ, ಲಿಖಿತ ಒಪ್ಪಂದದೊಂದಿಗೆ.

ಅದರಿಂದ ಇನ್ನೊಂದು ಒಳ್ಳೆಯದೂ ಆಯಿತು. ಹೋಳಿಯಲ್ಲಿ ಹುಬ್ಬಳ್ಳಿಯ ಬೀದಿಗಳಲ್ಲಿ ಕೇಳುವ ಜಗ್ಗಲಿಗೆ ನಮ್ಮ ಹಾಡಿಗೆ ಬಂತು. ಚಕ್ಕಡಿ ಗಾಲಿಯ ಕಬ್ಬಿಣದ ಪಟ್ಟಿಗೆ ಚರ್ಮ ಬಿಗಿದು ಮಾಡುವ ದೊಡ್ಡ ವಾದ್ಯ ಅದು. ಬ್ಯಾಹಟ್ಟಿಯ ಮೇಳಗಳು ಅದಕ್ಕೆ ಹೆಸರುವಾಸಿ. ಅಲ್ಲಿಗೆ ಹೋಗಿ ಬಯಲಿನಲ್ಲಿ ಮುದ್ರಿಸಿಕೊಂಡೆವು. ಹತ್ತಿರ ಮೈಕ್ ಇಟ್ಟರೆ ಕೋಲಿನ ಪೆಟ್ಟು ಮಾತ್ರ ಸಿಗುತ್ತಿತ್ತು, ಚರ್ಮದ ಗುಂಯ್‌ಗಾಟ ಸಿಗುತ್ತಿರಲಿಲ್ಲ. ದೂರ ಸರಿಯುತ್ತಾ ಸರಿಯುತ್ತಾ, ಎದೆಗೆ ಬಂದು ಬಡಿಯುವ ಜಾಗ ಕಾಲಿಗೇ ಗೊತ್ತಾಯಿತು. ಅಲ್ಲಿ ನಿಂತು ಮುದ್ರಿಸಿದ ದನಿಯ ತಗ್ಗಿನ ಭಾಗವನ್ನಷ್ಟೇ ಉಳಿಸಿಕೊಂಡು, ರ‍್ಯಾಪ್‌ನಲ್ಲಿ ಎಲ್ಲರೂ ಬಳಸುವ ಯಂತ್ರದ ಬೇಸ್ ಡ್ರಮ್ಮಿನ ಜಾಗಕ್ಕೆ ಇಟ್ಟೆವು. ಮಂದಿ ಆ ಹಾಡನ್ನು ಮೊದಲ ಬಡಿತಕ್ಕೇ ಗುರುತಿಸುತ್ತಾರೆ. ಬಾರಿಸಿದ ಮೇಳದವರಿಗೆ ಸಂಭಾವನೆಯನ್ನೂ ಹೆಸರನ್ನೂ ಕೊಟ್ಟಿದ್ದೇವೆ. ಜಾನಪದದವರ ದನಿ ಪಡೆದು ಹೆಸರು ನುಂಗುವುದು ನಮ್ಮ ಕಡೆ ಬಹಳ ನಡೆದಿದೆ, ಅದು ನಿಲ್ಲಬೇಕು.

ಹಾಡು ಸಿದ್ಧವಾದ ಮೇಲೆ ಬಿಡುಗಡೆ. ಸ್ಪಾಟಿಫೈ, ಆಪಲ್ ಮ್ಯೂಸಿಕ್, ಜಿಯೊಸಾವನ್‌ನಂಥ ಕಡೆಗಳಿಗೆ ಸಾಮಾನ್ಯವಾಗಿ ವಿತರಕರ ಮೂಲಕ ಹೋಗಬೇಕು. ಅವರು ವರ್ಷಕ್ಕಿಷ್ಟು ಎಂದೋ ಗಳಿಕೆಯಲ್ಲಿ ಇಷ್ಟು ಪಾಲು ಎಂದೋ ತೆಗೆದುಕೊಳ್ಳುತ್ತಾರೆ. ಪ್ರತಿ ಮುದ್ರಿಕೆಗೆ ಹನ್ನೆರಡು ಅಕ್ಷರ ಅಂಕಿಗಳ ಐಎಸ್‌ಆರ್‌ಸಿ ಎಂಬ ಗುರುತಿನ ಸಂಕೇತ ಸಿಗುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ: ನಾಳೆ ವಿತರಕರನ್ನು ಬದಲಿಸಿದರೂ ಅದೇ ಸಂಕೇತ ಕೊಟ್ಟರೆ ಹಳೆಯ ಕೇಳುಗರ ಎಣಿಕೆ ಹಾಡಿನ ಜೊತೆಗೇ ಬರುವ ಸಾಧ್ಯತೆ ಹೆಚ್ಚು. ಸ್ಪಾಟಿಫೈನ ಸಂಪಾದಕರು ಆರಿಸುವ ಹಾಡುಗಳ ಪಟ್ಟಿಗೆ ನಮ್ಮ ಹಾಡು ಸೂಚಿಸಲು ಬಿಡುಗಡೆಗೆ ಕನಿಷ್ಠ 7 ದಿನ ಮೊದಲು ಕಳಿಸಿರಬೇಕು. ನಾವು ಒಂದು ತಿಂಗಳಿಟ್ಟುಕೊಳ್ಳುತ್ತೇವೆ. 2024ರಿಂದ ಅಲ್ಲಿ ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಬಾರಿ ಕೇಳಿಸದ ಹಾಡಿಗೆ ಮುದ್ರಿಕೆಯ ಹಣವೇ ಇಲ್ಲ. ಹೊಸಬರಿಗೆ ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಚಿಕ್ಕ ಊರಿನ ಹತ್ತು ಹಾಡುಗಾರರ ಚಿಲ್ಲರೆ ಸೇರಿಯೇ ದೊಡ್ಡವರ ನೋಟಾಗುತ್ತದೆ.

ಲೆಕ್ಕದ ಹಾಳೆ ಬಂದಾಗ ಒಂದೊಂದು ಸಾಲಿನಲ್ಲಿ ಪೈಸೆ, ಪೈಸೆಯ ಭಾಗ. ಅದರಲ್ಲಿಯೇ ಅಮೆರಿಕದಿಂದ ಬಂದ ಕೆಲವು ಸಾಲುಗಳು ತುಸು ದಪ್ಪ. ಅಲ್ಲಿರುವ ಕನ್ನಡದವರು ಕೇಳಿರುತ್ತಾರೆ. ವಿತರಕ ಸಂಸ್ಥೆ ಅಮೆರಿಕದ್ದಾದರೆ ಡಬ್ಲ್ಯು-8ಬೆನ್ ಎಂಬ ನಮೂನೆ ತುಂಬಬೇಕು. ತುಂಬದಿದ್ದರೆ ಅಲ್ಲಿನ ಗಳಿಕೆಯಲ್ಲಿ ಶೇಕಡಾ 30 ತೆರಿಗೆ ಹಿಡಿಯಬಹುದು. ತುಂಬಿದರೆ, ಭಾರತದೊಂದಿಗಿನ ತೆರಿಗೆ ಒಪ್ಪಂದದಂತೆ ರಾಯಧನಕ್ಕೆ (ರಾಯಲ್ಟಿಗೆ) ಅದು ಶೇಕಡಾ 15.

ಇಷ್ಟರಿಂದ ಇಬ್ಬರ ಹೊಟ್ಟೆ ತುಂಬುವುದಿಲ್ಲ. ನಮ್ಮ ಗಳಿಕೆಯ ದೊಡ್ಡ ಪಾಲು ವೇದಿಕೆಯಿಂದ: ಕಾಲೇಜು ಉತ್ಸವಗಳು, ಬೆಂಗಳೂರಿನ ಇಂದಿರಾನಗರ, ಕೋರಮಂಗಲದ ಕಾರ್ಯಕ್ರಮಗಳು. ಹಿಂದೆ ಪೂರ್ತಿ ಹಾಡು ಹಾಕಿ ಮೇಲೆ ತುಟಿ ಆಡಿಸುವುದನ್ನು ನಾವು ಒಪ್ಪುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ಬರೀ ವಾದ್ಯ, ದನಿ ನಮ್ಮದೇ. ಅದಕ್ಕಾಗಿ ಬೆಳಿಗ್ಗೆ ಓಡುತ್ತಾ ಪದ್ಯ ಹೇಳುವ ರೂಢಿ ಮಾಡಿಕೊಂಡಿದ್ದೇವೆ. ಹೊಸಬರು ಗತ್ತಿಗಾಗಿ ಮೈಕ್‌ನ ಜಾಲರಿಯನ್ನು ಮುಷ್ಟಿಯಲ್ಲಿ ಹಿಡಿಯುತ್ತಾರೆ. ದನಿ ಮಂಕಾಗುತ್ತದೆ, ಸ್ಪೀಕರ್ ಕಿರುಚುತ್ತದೆ. ಮೈಕ್‌ನ ಹಿಡಿಯನ್ನೇ ಹಿಡಿಯಿರಿ. ಬೆಂಗಳೂರಿನಲ್ಲಿ ಎದುರಿಗಿದ್ದವರಲ್ಲಿ ಅರ್ಧದಷ್ಟು ಮಂದಿಗೆ ಕನ್ನಡ ಬಾರದಿದ್ದರೂ "ಗೀಯ ಗಾ" ಎಂದು ಎತ್ತಿಕೊಟ್ಟರೆ ಎರಡನೆಯ ಸಲಕ್ಕೆ ಎಲ್ಲರೂ ಕೂಗುತ್ತಾರೆ. ಧಾರವಾಡದಲ್ಲಿ ಕಲಿಸುವುದೇ ಬೇಡ.

ಹಣ ಮಾತ್ರ ಕೂಗಿದಷ್ಟು ಬೇಗ ಬರುವುದಿಲ್ಲ. ಒಂದು ಕಾಲೇಜಿನ ಸಂಘಟಕರು ಕಾರ್ಯಕ್ರಮ ಮುಗಿದ ಮೇಲೆ ಫೋನ್ ಎತ್ತುವುದನ್ನೇ ಬಿಟ್ಟಿದ್ದರು. ಮುಂದಿನ ವರ್ಷದ ತಂಡ ಬಂದ ಮೇಲೆ ಬಾಕಿ ಸಿಕ್ಕಿತು. ಈಗ ಅರ್ಧ ಮುಂಗಡ ಬಾರದೆ ರೈಲು ಹತ್ತುವುದಿಲ್ಲ. ಕೊಡುವವರು ಶೇಕಡಾ 10 ಟಿಡಿಎಸ್ ಕಡಿತ ಮಾಡಿದರೆ ಗಾಬರಿ ಬೇಡ, ಪ್ಯಾನ್ ಕೊಟ್ಟು ರಿಟರ್ನ್ ಸಲ್ಲಿಸಿದರೆ, ಕೊಡಬೇಕಾದ ತೆರಿಗೆಗಿಂತ ಹೆಚ್ಚು ಕಡಿತವಾದದ್ದು ಮರಳಿ ಬರುತ್ತದೆ.

ನಮ್ಮ ನಡುವೆ ಮಾತು ಬಿಗಿಯಾದದ್ದು ಹಾಡು ಚೆನ್ನಾಗಿ ನಡೆಯತೊಡಗಿದಾಗ. ಪಲ್ಲವಿ ಅವನದು, ಹೆಚ್ಚು ಸಾಲು ನನ್ನದು, ವೀಡಿಯೊಗೆ ಹಣ ಅವನದು: ಯಾರಿಗೆ ಎಷ್ಟು? ಕೆಲವು ವಾರ ಫೈಲ್‌ಗಳಷ್ಟೇ ಓಡಾಡಿದವು, ಮಾತಿರಲಿಲ್ಲ. ಅವನ ಅಕ್ಕ ಇಬ್ಬರನ್ನೂ ಊಟಕ್ಕೆ ಕರೆದು, ತಟ್ಟೆ ಎತ್ತುವ ಮೊದಲು ಹಾಳೆ ಪೆನ್ನು ತಂದಿಟ್ಟರು. ಅಂದಿನಿಂದ ಪ್ರತಿ ಹಾಡಿಗೂ ಒಂದು ಪಾಲುಪಟ್ಟಿ ಇದೆ. ಸಾಹಿತ್ಯ ಯಾರು ಎಷ್ಟೇ ಬರೆಯಲಿ ಇಬ್ಬರಿಗೂ ಸಮ. ಸಂಗೀತದಲ್ಲಿ ಬೀಟ್ ಮಾಡಿದವರಿಗೆ ಪಾಲು. ಖರ್ಚು ಮೊದಲು ಕಳೆದು ಉಳಿದದ್ದು ಹಂಚಿಕೆ. ಅದು ಹಾಡು ಬಿಡುಗಡೆಯಾದ ಮೇಲಲ್ಲ, ಧ್ವನಿಮುದ್ರಣದ ರಾತ್ರಿಯೇ ಬರೆದು ಸಹಿ ಮಾಡಬೇಕು. ಹಣ ಬರುವ ಮೊದಲು ಎಲ್ಲರೂ ಉದಾರಿಗಳು. ಮುಂದೆ 1932ರ ಕಾಯ್ದೆಯಡಿ ಪಾಲುದಾರಿಕೆ ಪತ್ರ ಮಾಡಿಸಿ, ಸಂಸ್ಥೆಯ ಹೆಸರಿನಲ್ಲಿ ಪ್ಯಾನ್, ಚಾಲ್ತಿ ಖಾತೆ ತೆಗೆಸಿದೆವು. ಜೋಡಿಯ ಹೆಸರನ್ನು ಮನರಂಜನೆಯ 41ನೇ ವರ್ಗದಲ್ಲಿ ಟ್ರೇಡ್‌ಮಾರ್ಕ್‌ಗೆ ಹಾಕಿದೆವು, ವ್ಯಕ್ತಿಗಳಿಗೆ, ಸಣ್ಣ ಉದ್ಯಮಗಳಿಗೆ ಆನ್‌ಲೈನ್ ಶುಲ್ಕ 4,500 ರೂಪಾಯಿ. ನಮ್ಮ ಪತ್ರದಲ್ಲಿ ಹೀಗಿದೆ: ಒಬ್ಬ ಬಿಟ್ಟುಹೋದರೆ ಇನ್ನೊಬ್ಬ ಲಿಖಿತ ಒಪ್ಪಿಗೆಯಿಲ್ಲದೆ ಆ ಹೆಸರಿನಲ್ಲಿ ಹಾಡುವಂತಿಲ್ಲ. ಹಳೆಯ ಹಾಡಿನ ಹಣ ಎಂದೆಂದಿಗೂ ಸಮಪಾಲು. ಇದನ್ನು ಬರೆಯುವಾಗ ಮನಸ್ಸಿಗೆ ಕಷ್ಟವಾಯಿತು ನಿಜ, ಆದರೆ ಅಂದು ರಾತ್ರಿ ನಾವು ಬಹಳ ದಿನಗಳ ಮೇಲೆ ಮನಬಿಚ್ಚಿ ಮಾತಾಡಿದೆವು.

ಅದೇ ಸಮಯಕ್ಕೆ ಒಂದು ಸಂಗೀತ ಕಂಪನಿಯ ಒಪ್ಪಂದ ಬಂತು. ಮುಂಗಡದ ಮೊತ್ತ ನೋಡಿ ಮನೆಯಲ್ಲಿ ಎಲ್ಲರೂ ಹಿಗ್ಗಿದರು. ಧಾರವಾಡದ ಒಬ್ಬ ವಕೀಲರ ಬಳಿ ಒಯ್ದೆವು. ಅವರು ಎರಡು ಕಡೆ ಪೆನ್ಸಿಲ್ ಗೆರೆ ಎಳೆದರು: ಮುದ್ರಿಕೆಗಳ ಒಡೆತನ "ಶಾಶ್ವತವಾಗಿ", ಮತ್ತು "ವಿಶ್ವದಾದ್ಯಂತ". ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅವಧಿ ಬರೆಯದಿದ್ದರೆ ಹಕ್ಕಿನ ವರ್ಗಾವಣೆ 5 ವರ್ಷಕ್ಕೆ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಎಂದು ಭಾವಿಸಲಾಗುತ್ತದೆ. ಆದ್ದರಿಂದಲೇ ಕಂಪನಿಗಳು ಆ ಎರಡು ಪದಗಳನ್ನು ಮರೆಯದೆ ಬರೆಯುತ್ತವೆ ಎಂದು ಅವರು ವಿವರಿಸಿದರು. ಹತ್ತು ವರ್ಷಕ್ಕೆ ಇಳಿಸಿ ಎಂದು ಕೇಳಿದೆವು, ಒಪ್ಪಲಿಲ್ಲ, ನಾವೂ ಒಪ್ಪಲಿಲ್ಲ. ಅಮೆರಿಕದ ಮ್ಯಾಕ್ಲಮೋರ್ ಮತ್ತು ರಯಾನ್ ಲೂಯಿಸ್ 2012ರಲ್ಲಿ ಒಡೆತನ ಉಳಿಸಿಕೊಂಡೇ ಆಲ್ಬಮ್ ತಂದು 2014ರಲ್ಲಿ ಗ್ರ್ಯಾಮಿ ಪಡೆದದ್ದನ್ನು ನಾನು ಮನೆಯವರಿಗೆ ಹೇಳಿ ನೋಡಿದೆ. ಅವ್ವ ಕೇಳಿದ್ದು ಒಂದೇ ಮಾತು: "ಹಾಡು ನಿಮ್ಮ ಹೆಸರಲ್ಲೇ ಇರುತ್ತದೋ ಇಲ್ಲವೋ?" ಇರುತ್ತದೆ ಎಂದೆ. "ಹಾಗಾದರೆ ಇರಲಿ ಬಿಡು" ಎಂದಳು.

2012ರ ತಿದ್ದುಪಡಿಯ ನಂತರ ಇನ್ನೊಂದು ಬಲವೂ ಇದೆ. ಗೀತಸಾಹಿತಿ, ಸಂಗೀತಗಾರರ ರಾಯಧನದ ಪಾಲನ್ನು ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಹೊರತು ಬೇರೆಯವರಿಗೆ ಬರೆದುಕೊಡಲು ಬರುವುದಿಲ್ಲ. 1969ರಲ್ಲಿ ಹುಟ್ಟಿದ ಐಪಿಆರ್‌ಎಸ್ ಅಂಥ ಸಂಘ. ನಾವಿಬ್ಬರೂ ಸದಸ್ಯರಾಗಿ ಪ್ರತಿ ಹಾಡನ್ನು ಪಾಲುಪಟ್ಟಿಯಂತೆ ದಾಖಲಿಸುತ್ತೇವೆ. ಸಾಹಿತ್ಯದ ನೋಂದಣಿಗೆ ಕೃತಿಸ್ವಾಮ್ಯ ಕಚೇರಿಯಲ್ಲಿ 500 ರೂಪಾಯಿ, ಧ್ವನಿಮುದ್ರಿಕೆಗೆ 2,000. ನೋಂದಣಿ ಇಲ್ಲದಿದ್ದರೂ ಹಕ್ಕು ಬರೆದವರದೇ, ಆದರೆ ತಕರಾರು ಬಂದಾಗ ಕಾಗದ ಮಾತಾಡುತ್ತದೆ. ಇಬ್ಬರು ಸೇರಿ ಬರೆದ ಸಾಲಿನ ಹಕ್ಕು ಇಬ್ಬರಲ್ಲಿ ಕೊನೆಗೆ ಬದುಕಿದ್ದವನು ತೀರಿಕೊಂಡ ನಂತರವೂ 60 ವರ್ಷ ಉಳಿಯುತ್ತದೆ.

ಈಗ ಕೈಯಲ್ಲಿರುವುದು ನವಲಗುಂದದ ಅಜ್ಜನವರೊಂದಿಗಿನ ಹಾಡು. ಪದ ಅವರದೇ ರಚನೆ, ನಾವು ಜವಾಬು ಹಾಡುತ್ತೇವೆ. ಕೌದಿಗಳ ನಡುವೆ ಹೆಡ್‌ಫೋನ್ ಹಾಕಿಕೊಂಡು ಕುಳಿತವರು ಬೀಟ್ ನಿಲ್ಲಿಸಲು ಹೇಳಿ, ದಪ್ಪು ಬಾರಿಸಿಕೊಂಡೇ ಹಾಡಿದರು. ನಾವು ಅವರ ಲಯಕ್ಕೆ ಬೀಟ್ ಕಟ್ಟಿದೆವು. ಪಾಲುಪಟ್ಟಿ ಮುಂದಿಟ್ಟಾಗ ಕನ್ನಡಕ ಏರಿಸಿ ಸಾಲು ಸಾಲಾಗಿ ಓದಿ, ತುಂತುಣಿ ಹಿಡಿದವರ ಹೆಸರೆಲ್ಲಿ ಎಂದು ಕೇಳಿದರು. ಅವರು ಬರೆದಿಲ್ಲ, ಅಂದಿನ ಸಂಭಾವನೆ ಕೊಟ್ಟಿದ್ದೇವೆ ಎಂದು ಗೆಳೆಯ ಹೇಳಿದ. "ಅವನು ಎತ್ತಿಕೊಳ್ಳದಿದ್ದರೆ ನಾನು ಎರಡನೆಯ ನುಡಿ ಹಾಡುತ್ತಿದ್ದೆನೇ?" ಎಂದರು. ತಮ್ಮ ಪಾಲಿನಿಂದ ಕೊಡುತ್ತೇನೆಂದು ಅವರು ಹೊರಟರೂ ನಾವು ಒಪ್ಪದೆ, ಮೂವರ ಪಾಲಿನಿಂದಲೂ ಸಮನಾಗಿ ತೆಗೆದು ಹಾಳೆ ತಿದ್ದಿ ಮತ್ತೆ ಪ್ರಿಂಟ್ ತೆಗೆದೆವು. ಹಾಡು ಹೋಳಿಗೆ ಮೊದಲು ಬರುತ್ತದೆ. ಜಗ್ಗಲಿಗೆಯನ್ನು ಮಾತ್ರ ಬ್ಯಾಹಟ್ಟಿಗೆ ಹೋಗಿ ಇನ್ನೊಮ್ಮೆ ಮುದ್ರಿಸಬೇಕು. ಹಳೆಯ ಮುದ್ರಿಕೆ ಅಜ್ಜನವರ ನಡೆಗೆ ತುಸು ವೇಗವಾಗಿದೆ.